ಕಾರಣ: ಮಳೆ

ಶತಮಾನೋತ್ಸವದ ಸಂಚಿಕೆಗೆ ಸಭೆಯ ಚರಿತ್ರೆ ಬೇಕಂತೆ,
ಒಂದೇ ಪುಟ. ಕಾಳುಮೆಣಸಿನ ವ್ಯಾಪಾರಿಗಳ
ಜಾಹೀರಾತು ಜಾಸ್ತಿ ಬಂದಿದೆ.
ನೀವೇ ಬರೆಯಿರಿ ಟೀಚರ್ ಎಂದರು. ಮೂವತ್ತು ವರ್ಷ
ಮಿಶನ್ ಶಾಲೆಯಲ್ಲಿ ಕಾಗುಣಿತ ತಿದ್ದಿದವಳಲ್ಲವೆ.

ಬೀರು ತೆಗೆದೆ. ಗೆದ್ದಲು ಮೊದಲ ರಿಜಿಸ್ಟರಿನ
ಅಂಚು ತಿಂದು ಹೆಸರುಗಳನ್ನು ಬಿಟ್ಟಿದೆ.
ಸಾವಿರದ ಒಂಬೈನೂರ ಹದಿನಾಲ್ಕು, ಕಾರೆಕಾಡು ತೋಟ:
ಮುತ್ತ, ಇನ್ನು ಮುಂದೆ ಮತ್ತಾಯ. ಕಸುಬು, ಕೂಲಿ.
ಹುಟ್ಟಿದ್ದು, ಹುಲಿ ಮೇಸ್ತ್ರಿಯ ಕುದುರೆ ಹಿಡಿದ ವರ್ಷ.
ಸಹಿಯ ಜಾಗದಲ್ಲಿ ಹೆಬ್ಬೆಟ್ಟು,
ಗೆರೆಗಳ ನಡುವೆ ಕಾಫಿಯ ಕರೆ.

ಪಿಕ್ಟನ್ ದೊರೆ ಜಾಗ ದಾನ ಕೊಟ್ಟರೆಂದು ಕಲ್ಲಿನಲ್ಲಿದೆ.
ಗಿಡ ಏಳದ ಜೌಗು ಅದು, ಕಲ್ಲಿನಲ್ಲಿಲ್ಲ.
ಹೊಳೆಯಿಂದ ಮರಳು ಹೊತ್ತ ಹೆಂಗಸರಿಗೆ
ಅರ್ಧ ದಿನದ ಕೂಲಿ ಹಿಡಿದದ್ದೂ ಇಲ್ಲ.
ಗಂಟೆಗೆ ದುಡ್ಡು ಸಾಲದೆ ಪಲ್ಪರಿನ ಹಲ್ಲುಚಕ್ರವನ್ನು
ನೇರಳೆ ಮರಕ್ಕೆ ನೇತುಹಾಕಿದರು.
ಆರು ದಿನ ಕೆಲಸಕ್ಕೆ ಕರೆದ ಕಬ್ಬಿಣ
ಏಳನೆಯ ದಿನ ದೇವರಿಗೆ ಕರೆಯಿತು; ಮಕ್ಕಳಿಗೆ ಬಹಳ ಕಾಲ ಅನುಮಾನ,
ಎರಡೂ ಕಡೆ ಹಾಜರಿ ತೆಗೆಯುವವನು ಒಬ್ಬನೇ ಏನೋ ಎಂದು.

ಉಪದೇಶಿ ಗೆರ್ಷೋಮ ಮಂಗಳೂರಿನವನು.
ಕುಡಿತ ಬಿಡಿ ಎಂದ, ಅದೂ ಕೊಡಗಿನಲ್ಲಿ!
ಶನಿವಾರ ಬಟವಾಡೆಯ ಸಂಜೆ
ಕಳ್ಳಂಗಡಿಯ ದಾರಿಗೆ ಅಡ್ಡ ನಿಂತು ಹಾಡುತ್ತಿದ್ದನಂತೆ.
ಕೆಲವರು ಸಂಕೋಚಕ್ಕೆ ಬಿಟ್ಟರು, ಕೆಲವರು ದಾರಿ ಬದಲಿಸಿದರು.
ರಾಭೋಜನಕ್ಕೂ ಒಣದ್ರಾಕ್ಷಿ ಕುದಿಸಿ ಸೋಸಿದ ನೀರು,
ಹಿತ್ತಾಳೆಯ ಒಂದೇ ಬಟ್ಟಲು.

ಆ ಒಂದು ಬಟ್ಟಲು.
ಮೂವತ್ತೊಂದರ ಫೆಬ್ರವರಿ ಎಂಟು, ಭಾನುವಾರ.
ರೈಟರ್ ಎಲಿಯಾಜರನ ಮುತ್ತಿನಂಥ ಅಕ್ಷರ:
ಐದು ಮನೆಯವರು ಗೈರು. ಕಾರಣ: ಮಳೆ.

ಅಜ್ಜಿ ಹೇಳುತ್ತಿದ್ದಳು, ಎಲ್ಲಿಯ ಮಳೆ!
ಕಣದ ತುಂಬ ಕಾಫಿ ಒಣಗುತ್ತಿತ್ತು,
ಹೂಮಳೆಗೆ ಇನ್ನೂ ತಿಂಗಳಿತ್ತು.
ಹಿಂದಿನ ವಾರ ಎರವರ ಕರ್ಪಿ, ದೀಕ್ಷೆಯಲ್ಲಿ ತಬಿತ,
ಸರದಿ ತಿಳಿಯದೆ ಎಲ್ಲರಿಗಿಂತ ಮೊದಲು ಮೊಣಕಾಲೂರಿದಳು.
ಮೈಸೂರಿಂದ ಬಂದಿದ್ದ ಅಯ್ಯನವರು ಬಟ್ಟಲು ಕೊಟ್ಟರು.
ಕುಡಿದಳು. ಅಂಚು ಒರೆಸಲಿಲ್ಲ.
ಮುಂದಿನ ಬೆಂಚಿನ ತುಟಿಗಳ ಹತ್ತಿರ
ಬಟ್ಟಲು ಹಾಗೇ ನಿಂತಿತು.
ರೈಟರನ ಮನೆಯೂ ಆ ಐದರಲ್ಲೊಂದು.
ಗೈರಾದವನೇ ಸೋಮವಾರ ಬಂದು ಹಾಜರಿ ಬರೆದ.

ರಿಜಿಸ್ಟರಿನ ಪ್ರಕಾರ ಆ ಮಳೆ ಹದಿನಾಲ್ಕು ತಿಂಗಳು ಸುರಿಯಿತು.

ಆಮೇಲೆ ಏಪ್ರಿಲ್: ಎಲಿಯಾಜರನ ಮಗಳು ಸುಕೃತ,
ಆರು ವರ್ಷ, ಸಿಡುಬು.
ಲೈನ್‌ಮನೆಗಳಲ್ಲಿ ಯಾರೂ ಬಾಗಿಲು ತೆಗೆಯಲಿಲ್ಲ.
ಕರ್ಪಿ ಹೋದಳು. ಬಿಸಿನೀರು ಕೇಳಿದಳು. ಮೀಯಿಸಿದಳು.
ಕ್ರಿಸ್ಮಸ್ಸಿಗೆ ಕೊಂಡ ಸೀರೆ ಹರಿದು ಸುತ್ತಿದಳು.
ಏನೂ ಅನ್ನಲಿಲ್ಲ; ಅಂದಿದ್ದರೆ ಅಜ್ಜಿ ಮರೆಯುತ್ತಿರಲಿಲ್ಲ,
ಹೆತ್ತವಳು.
ಎಲಿಯಾಜರ ನನ್ನ ತಾತ.

ಮುಂದಿನ ಭಾನುವಾರ, ಎಲ್ಲರೂ ಹಾಜರು. ಮಸಿ ಹರಡಿದೆ.
ಬಟ್ಟಲು ಯಾರ ನಂತರ ಯಾರಿಗೆ ಹೋಯಿತೋ
ಅಜ್ಜಿಗೆ ನೆನಪಿರಲಿಲ್ಲ, ಅಥವಾ ನನಗೆ ಹೇಳಲಿಲ್ಲ.

ಈಗ ಭಾನುವಾರಕ್ಕೆ ಹದಿನೇಳು ಜನ.
ಹಲಸಿಗೆ ಬಂದ ಆನೆ ಸ್ಮಶಾನದ ಗೋಡೆ ಎರಡು ಸಲ ಕೆಡವಿದೆ.
ಕರ್ಪಿಯ ಕಲ್ಲು ಎಲ್ಲೋ, ಇತ್ತೋ ಇಲ್ಲವೋ.
ಹಿಂದಿನ ಬೆಂಚಿನಲ್ಲಿ ಅಸ್ಸಾಮಿನಿಂದ ಬಂದ ತೋಟದವರು
ನಮ್ಮ ರಾಗಕ್ಕೆ ತಮ್ಮ ಮಾತು ಹಾಕಿ ಹಾಡುತ್ತಾರೆ.
ಹೋದ ವಾರ ಒಂದು ಕೂಸಿಗೆ ದೀಕ್ಷಾಸ್ನಾನ.
ತಾಯಿ ಫುಲ್‌ಮಣಿ ಲಕ್ಡಾ. ಊರು ಅನ್ನುವಲ್ಲಿ ಏನು ಬರೆಯಲಿ ಎಂದೆ.
ಲೈನಿನ ನಂಬರು ಹೇಳಿದಳು, ಒಂಬತ್ತು.

ಪುಟ ಕಳಿಸಿಯಾಯಿತು: ಸ್ಥಾಪನೆ, ದಾನಿಗಳು,
ಪಾಲಕರ ಪಟ್ಟಿ, ಹೊಸ ಹೆಂಚು.
ಹಳೆಯ ರಿಜಿಸ್ಟರಿನಲ್ಲಿ ಬರೆಯಬಾರದು, ನಿಯಮವಿದೆ.
ತಾತನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ, ಸಣ್ಣದಾಗಿ,
ಮಳೆ ಇರಲಿಲ್ಲ
ಎಂದು ಬರೆದು ಇನಿಷಿಯಲ್ ಹಾಕಿದೆ,
ತಪ್ಪಿದ ಲೆಕ್ಕ ತಿದ್ದಿದಾಗ ಹಾಕುತ್ತಿದ್ದ ಹಾಗೆ.

ಹೊರಗೆ ಯಾವುದೋ ಮಗು ಚಕ್ರಕ್ಕೆ ಕಲ್ಲಿನಲ್ಲಿ ಬಾರಿಸುತ್ತಿದೆ.
ಇವತ್ತು ಬುಧವಾರ.