ಮಂದ್ರಕ್ಕೊಂದು ಪೆಟ್ಟಿಗೆ

ಕುಶಾಲಪ್ಪನವರ ಅಂಗಡಿ ವಿರಾಜಪೇಟೆಯಲ್ಲಿ,
ಗಡಿಯಾರ ಕಂಬದ ಇಳಿಜಾರಿಗೆ, ಹನ್ನೊಂದು ಮೆಟ್ಟಿಲು ಮೇಲೆ.
ಎಣಿಸಿದ್ದು ನಾನಲ್ಲ, ಕೆಂಚುಮಾವ:
"ಹತ್ತುವಾಗ ಬರಿಗೈ. ಇಳಿಯುವಾಗ ನೆನಪಿರಲಿ."

ಮೂರು ಪೆಟ್ಟಿಗೆ ಗೋಡೆಗೊರಗಿ ಕೂತಿದ್ದವು,
ರೇಷನ್ ಅಂಗಡಿಯ ಸರದಿಯಲ್ಲಿ ಕೂತವರ ಹಾಗೆ.

ಮೊದಲನೆಯದು ಇಪ್ಪತ್ತೈದು ವ್ಯಾಟು, ಎಂಟಿಂಚು.
ಒಂದೇ ಕೈಗೆ ಬರುತ್ತೆ, ಟಿಫಿನ್ ಕ್ಯಾರಿಯರಿನಂತೆ.
ಸಣ್ಣಗೆ ನುಡಿಸಿದರೆ ಎಷ್ಟು ಮುದ್ದು!
ಆದರೆ ನನಗೆ ನೌಫಲ್‌ನ ಬಲಗಾಲು ಗೊತ್ತು.
ಸಿದ್ದಾಪುರದ ಹೊಳೆದಂಡೆ ರೆಸಾರ್ಟಿನಲ್ಲಿ ಅವನು
ಕಿಕ್ ಡ್ರಮ್ಮಿಗೆ ಒದ್ದ ಮೊದಲ ಒದೆಗೇ
ನನ್ನ ಹಳೇ ಪೆಟ್ಟಿಗೆ ಕೆಮ್ಮಿ, ಕೆಮ್ಮಿ,
ಡಬ್ಬದಲ್ಲಿ ಕಾಫಿ ಬೀಜ ಅಲ್ಲಾಡಿದಂತೆ ಗಲಗಲಿಸಿ,
ಕೇಕ್ ಕತ್ತರಿಸುವ ಹೊತ್ತಿಗೆ ಸುಮ್ಮನಾಗಿತ್ತು.
ಯಾರೂ ಕೇಳಲಿಲ್ಲ ಏನಾಯಿತೆಂದು.
ಅದೇ ನೋವು.

ಎರಡನೆಯದಕ್ಕೆ ಹದಿನೈದಿಂಚಿನ ಬಾಯಿ.
ತಂತಿ ಮುಟ್ಟಿದೆನಷ್ಟೇ, ಗಾಜಿನ ಕಪಾಟಿನಲ್ಲಿ
ಕೊಳಲುಗಳೆಲ್ಲ ಒಂದಕ್ಕೊಂದು ತಾಗಿದವು.
ವಿಲ್ಫಿ ಕಣ್ಣು ಮುಚ್ಚಿ "ಇದೇ, ಇದೇ" ಅಂದ.
ಅವನಿಗೇನು, ಗಿಟಾರು ಬೆನ್ನಿಗೆ ಹಾಕಿ ನಡೆಯುವವನು.
ಮೂವತ್ನಾಲ್ಕು ಕಿಲೋ.
ನನಗಿರುವುದು ಸ್ಕೂಟರು. ದೇಚುವಿನ ಜೀಪು
ಅವಳಪ್ಪ ಗೊಬ್ಬರ ಸಾಗಿಸದ ದಿನ ಮಾತ್ರ ನಮ್ಮದು.
ಕುಟ್ಟದ ಹೋಂಸ್ಟೇಗೆ ಕೊನೆಯ ಅರ್ಧ ಮೈಲಿ
ಜೀಪೂ ಏರುವುದಿಲ್ಲ, ಹೆಗಲೇ ಗತಿ.
ಒಂದು ರಾತ್ರಿಗೆ ಸಿಗುವುದು ಎಂಟುನೂರು;
ಅದರಲ್ಲಿ ಸೊಂಟದೆಣ್ಣೆಗೆ ಎಷ್ಟು ಕಳೆಯಲಿ?

ಮೂರನೆಯದು ನೂರು ವ್ಯಾಟು, ಹನ್ನೆರಡಿಂಚು,
ಯಾರೋ ಬಳಸಿ ಬಿಟ್ಟದ್ದು. ಒಂದು ಮೂಲೆ ಜಜ್ಜಿದೆ.
ಹಿಂದೆ, ಹಾಲ್‌ನವರ ದೊಡ್ಡ ಸ್ಪೀಕರಿಗೆ ವೈರು ಕೊಡಲೊಂದು ಕಿಂಡಿ.
ಒಂದು ಗುಂಡಿ ತಿರುವಿದರೆ ಕರಕರ.
"ಮಳೆಗಾಲದ್ದು" ಅಂದರು ಕುಶಾಲಪ್ಪ,
ಕಕ್ಕಡದಲ್ಲಿ ಈ ಊರಲ್ಲಿ ಬೂಷ್ಟು ಹಿಡಿಯದ್ದು ಏನಿದೆ ಎಂಬಂತೆ.
ನುಡಿಸಿದೆ. ಚೆನ್ನಾಗಿತ್ತು.
ಚೆನ್ನಾಗಿತ್ತೇ?

ಅಲ್ಲಿಯವರೆಗೂ ಮಾವ ಮಾತಾಡಿರಲಿಲ್ಲ.
ಬುಟ್ಟಿ ಹೆಣೆಯುವವ, ಹಬ್ಬಕ್ಕೆ ಪರೆ ಬಡಿಯುವವ.
"ಇದಕ್ಕೆ ಬೆಂಕಿ ಕಾಯಿಸಬೇಡವಾ?"
ಬೇಡ ಮಾವ, ಕರೆಂಟು ಸಾಕು.
"ಇದ್ದರೆ."
ಎಲ್ಲರೂ ನಕ್ಕರು. ಅವನು ನಗಲಿಲ್ಲ.
"ಪೆಟ್ಟಿಗೆಗೆ ಅಂಟಿ ಕೂತು ಪೆಟ್ಟಿಗೆ ಕೇಳುತ್ತೀಯಲ್ಲ!
ಪರೆಗೆ ತೊಗಲು ಬಿಗಿದ ದಿನ ನನ್ನಪ್ಪ
ನನ್ನನ್ನು ಗದ್ದೆಯಾಚೆಯ ಬದುವಿಗೆ ಓಡಿಸುತ್ತಿದ್ದ.
ದಪ್ಪ ದನಿ ನಡೆದು ಬರುವಂಥದ್ದು.
ಅದಕ್ಕೆ ದಾರಿ ಬೇಕು."

ಹೇಳಿ ಇಳಿದೇಬಿಟ್ಟ ಹನ್ನೊಂದು ಮೆಟ್ಟಿಲು.
ಕಿಟಕಿಯಿಂದ ಕಂಡ: ರಸ್ತೆ ದಾಟಿ,
ಹಂದಿಮಾಂಸದಂಗಡಿ ದಾಟಿ, ಗೋಣಿಕೊಪ್ಪದ ಬಸ್ಸು ನಿಲ್ಲುವಲ್ಲಿ
ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತ.
ದಪ್ಪ ತಂತಿಯನ್ನು, ಎಲ್ಲೂ ಒತ್ತದೆ, ಮೀಟಿದೆ.
ಚಿಕ್ಕದರಲ್ಲಿ: ಕೈ ಎತ್ತಲಿಲ್ಲ.
ಹದಿನೈದಿಂಚಿಗೆ ಎತ್ತಿದ, ಇನ್ನೊಂದು ಕೈಯಲ್ಲಿ
ಸೊಂಟ ಹಿಡಿದು ಬಗ್ಗಿ ತೋರಿಸಿದ.
ಜಜ್ಜಿದ ಮೂಲೆಯದಕ್ಕೆ ಬಂದಾಗ
ನಡುವೆ ಬಸ್ಸು ಬಂದು ನಿಂತಿತು.
ಹತ್ತುವವರು ಹತ್ತಿ, ಇಳಿಯುವವರು ಇಳಿದು,
ಒಬ್ಬಾಕೆ ಬಾಳೆಗೊನೆಗೆ ಟಿಕೆಟ್ಟೇಕೆಂದು ಜಗಳ ಮುಗಿಸುವವರೆಗೆ
ಅದೇ ಒಂದು ಸ್ವರ ಮೀಟುತ್ತಲೇ ಇದ್ದೆ.
ಬಸ್ಸು ಹೊರಟಿತು.
ಕೈ ಮೇಲೇ ಇತ್ತು,
ಎಷ್ಟು ಹೊತ್ತಿನಿಂದಲೋ.

ಹದಿನಾರು ಸಾವಿರ. ಐನೂರು ಇನ್ನೂ ಬಾಕಿ.
ಈಗ ಅದು ಮಾವ ಹೆಣೆದ ಬುಟ್ಟಿಯಲ್ಲಿ,
ಪ್ಲಾಸ್ಟಿಕ್ ಹೊದ್ದು, ಸ್ಕೂಟರಿನ ಹಿಂದೆ ಕೂತು
ಹುಟ್ಟುಹಬ್ಬದಿಂದ ಮದುವೆಗೆ ಹೋಗುತ್ತೆ.
ಒಂದೇ ತೊಂದರೆ. ಬುಟ್ಟಿಯಿಂದ ತೆಗೆಯದೆ ನುಡಿಸಿದರೆ
ಎರಡನೇ ತಂತಿಯ ಮೂರನೇ ಮನೆಗೆ
ಬಿದಿರೂ ಗುಣುಗುಟ್ಟುತ್ತೆ.
ಸರಿಮಾಡಿಕೊಡು ಅಂದೆ.
ನೋಡಿದ. ಒಂದು ಸೀಳನ್ನು ಬೆರಳಲ್ಲಿ ಒತ್ತಿ, ಬಿಟ್ಟ.
"ಅದು ನನ್ನದು" ಅಂದ.