ಇಪ್ಪತ್ತರ ಕಲ್ಲು

ರಾಯಚೂರು ಗಂಜಿನಲ್ಲಿ ಮೂವತ್ತೊಂದು ವರ್ಷ
ತಕ್ಕಡಿ ಹಿಡಿದವನು ನಾನು, ತೂಗು ಸೂಗಪ್ಪ.
ಹತ್ತಿ, ಶೇಂಗಾ, ತೊಗರಿ, ಸೂರ್ಯಪಾನ,
ಈ ಕೈ ದಾಟದ ಬೆಳೆಯಿಲ್ಲ.
ನಾನು ಎಷ್ಟೆಂದು ಕೂಗಿದೆನೋ ಅಷ್ಟೇ.

ಹಮಾಲಿ ತಾಯಪ್ಪನ ಮಗಳು ಉರುಕುಂದಮ್ಮ
ಅಪ್ಪನಿಗೆ ಬುತ್ತಿ ತರುವಳು.
ಅವನು ಉಣ್ಣುವ ತನಕ ಸುಮ್ಮನಿರದೆ
ನನ್ನ ಕಲ್ಲುಗಳನ್ನು ಎತ್ತಿ ಎತ್ತಿ ಇಡುವಳು,
ಐದರದು, ಹತ್ತರದು.
ಒಂದು ದಿನ ಇಪ್ಪತ್ತರದು, ನೆತ್ತಿಯ ಮೇಲಕ್ಕೆ.
ಆಗ ಹನ್ನೊಂದು ಅವಳಿಗೆ.
ರೊಟ್ಟಿ ತಾಯಪ್ಪನ ಬಾಯಲ್ಲೇ ನಿಂತಿತು.

ಮಾವಿನಕೆರೆ ದಂಡೆಯ ತಗಡಿನ ಶೆಡ್ಡಿನಲ್ಲಿ
ರೈಲ್ವೆ ಫಿಟ್ಟರ್ ಕಾಸಿಂಸಾಬರು ಹುಡುಗರಿಗೆ ಕಬ್ಬಿಣ ಕಲಿಸುತ್ತಿದ್ದರು.
ಹುಡುಗಿ ಬಂದಳೆಂದು ಮೂವರು ಬಿಟ್ಟರು.
ಉಳಿದವರು ವರ್ಷ ತುಂಬುವುದರೊಳಗೆ
ಅವಳ ಸರಳಿಗೆ ತಟ್ಟೆ ಜೋಡಿಸತೊಡಗಿದರು.

ತಾಯಪ್ಪನಿಗೆ ಒಂದೇ ಚಿಂತೆ:
"ಎತ್ತಿದ್ದನ್ನ ಮತ್ತ ಅಲ್ಲೇ ಒಗೀತಾರಂತಲ್ಲೊ ಸೂಗಪ್ಪ,
ಲಾರಿಗೂ ಏರಸಂಗಿಲ್ಲ, ಗೋದಾಮಿಗೂ ಒಯ್ಯಂಗಿಲ್ಲ,
ಇದಕ್ಕ ಕೂಲಿ ಕೊಡೋರು ಯಾರು?"

ತೂಕ ಏರಿಸುವ ಆಟ ಎಂದುಕೊಂಡಿದ್ದೆ.
ಅರ್ಧ ಆಟ ಇಳಿಸುವುದು.
ನಲವತ್ತೆಂಟು ಕಿಲೋ ದಾಟಬಾರದು ಮೈ.
ಶಿವರಾತ್ರಿ ಕಳೆದ ಬಿಸಿಲಲ್ಲಿ ಎರಡು ಸ್ವೆಟರು ತೊಟ್ಟು
ಕೋಟೆಗೋಡೆಯ ಗುಂಟ ಓಡಿ ಬಂದು
ನನ್ನ ತಕ್ಕಡಿಯ ಹಲಗೆಯಲ್ಲಿ ಕೂತು
"ಮಾವ, ಖರೇ ತೂಕ ಹೇಳು" ಅನ್ನುವಳು.
ಖರೇ.
ಆ ಮಾತು ನನ್ನ ತಕ್ಕಡಿಗೆ ಹೊಸದು.
ಅವಳನ್ನು ಬೇರೆ ಕಲ್ಲು ಹಾಕಿ ತೂಗುತ್ತಿದ್ದೆ.

ಕಟಕಿನಲ್ಲಿ ರಾಷ್ಟ್ರಮಟ್ಟ.
ಬೆಳಿಗ್ಗೆ ತೂಕಕ್ಕೆ ನಿಂತರೆ ನಲವತ್ತು ಗ್ರಾಂ ಹೆಚ್ಚು.
ನೀರು ಬಿಟ್ಟು ಎರಡು ದಿನವಾಗಿತ್ತು,
ಲೋಟಕ್ಕೆ ಉಗುಳಿ ಉಗುಳಿ ಬಾಯಿ ಬೂದಿ.
ಕತ್ತರಿ ಕೇಳಿದಳಂತೆ.
ಅವ್ವ ಎಣ್ಣೆ ಒತ್ತಿ ಹೆಣೆದ ಜಡೆ, ಬುಡಕ್ಕೇ.

ಸಂಜೆ ಇವಳೂ ನೂರಾ ಅರವತ್ತು,
ಮಣಿಪುರದ ಹುಡುಗಿಯೂ ನೂರಾ ಅರವತ್ತು.
ಸಮ ಬಂದರೆ ಹಗುರ ಮೈಯವಳಿಗೆ ಚಿನ್ನ, ಆಗಿನ ಕಾಯಿದೆ.
ಇವಳು ಐವತ್ತು ಗ್ರಾಂ ಹಗುರ.

ಜಡೆಯನ್ನು ಪೇಪರಿನಲ್ಲಿ ಸುತ್ತಿ ಊರಿಗೆ ತಂದಿದ್ದಳು.
ಅವ್ವ ಅತ್ತಳು, ಪದಕಕ್ಕೋ ಕೂದಲಿಗೋ.
ನಾನು ತೀನ್ ಕಂದೀಲಿನ ಸರಾಫನ ಹತ್ತಿರ ಒಯ್ದು ತೂಗಿಸಿದೆ.
ತೊಂಬತ್ತು.

ಆಮೇಲಿನದನ್ನು ಊರು ಅಷ್ಟು ನೆನಪಿಟ್ಟುಕೊಳ್ಳಲಿಲ್ಲ.
ರೈಲ್ವೆ ನೌಕರಿ, ನಾಲ್ಕು ವರ್ಷ ಗೆಲುವು,
ಹೊರದೇಶದಲ್ಲೊಮ್ಮೆ ಮೂರು ಎತ್ತಿಗೂ ಕೆಂಪು ದೀಪ.
ಮೂರನೆಯದಕ್ಕೆ ಭುಜ ಕಟ್ಟೆಂದಿತು.
"ಸದ್ದು ಮೊದಲು ಕೇಳಸ್ತು ಮಾವ, ನೋವು ಆಮ್ಯಾಲೆ."
ಇಪ್ಪತ್ತೇಳಕ್ಕೆ ಗುಂತಕಲ್ಲಿನ ಪ್ಲಾಟ್‌ಫಾರ್ಮಿನಲ್ಲಿ
ಕಪ್ಪು ಕೋಟು ತೊಟ್ಟು ಟಿಕೇಟು ನೋಡುವಳು,
ದಾಟಿಹೋಗುವ ಮೂಟೆಗಳನ್ನು ಕಣ್ಣಲ್ಲೇ ಎತ್ತಿ ಇಡುವಳು.

ಈಗ ವರ್ಗ ಮಾಡಿಸಿಕೊಂಡು ಊರಿಗೇ ಬಂದಿದ್ದಾಳೆ.
ಕಾಸಿಂಸಾಬರಿಲ್ಲ, ಶೆಡ್ಡು ಅವಳದು.
ಹದಿನಾಲ್ಕು ಹುಡುಗಿಯರು, ಹದಿನಾಲ್ಕೂ ಜಡೆ.
ಕತ್ತರಿ ಮಾತ್ರ ಇಟ್ಟಿಲ್ಲ ಅಲ್ಲಿ.

ಗಂಜಿಗೆ ಎಲೆಕ್ಟ್ರಾನಿಕ್ ಕಾಟಾ ಬಂತು,
ನಾನು ಮನೆಗೆ ಬಂದೆ, ಹಳೆಯ ಕಲ್ಲುಗಳ ಸಮೇತ.
ಹೋದ ಅಮಾವಾಸ್ಯೆಗೆ ಇಪ್ಪತ್ತರದೊಂದನ್ನು
ಆಟೋದಲ್ಲಿ ಹಾಕಿಕೊಂಡು ಅವಳ ಶೆಡ್ಡಿಗೆ ಒಯ್ದೆ.
ಯಾಕೆ ಅದನ್ನೇ ಒಯ್ದೆನೋ.
"ಹುಡುಗ್ಯಾರು ಎತ್ತಲಿ" ಎಂದೆ.

ಬಾಗಿ, ನೋವಿಲ್ಲದ ಕೈಯಲ್ಲಿ ಮೊಳಕಾಲಿನ ತನಕ ಎತ್ತಿದಳು.
ನಿಂತಳು.
"ಮಾವ, ಇದು ಇಪ್ಪತ್ತಲ್ಲ."

ಮಗುಚಿದಳು. ಅಡಿಗೆ ಸೀಸ,
ಸೀಸದ ಮೇಲೆ ನಾನೇ ಬಳಿದ ಕರಿ ಬಣ್ಣ.
ಒಂದು ತೂಕಕ್ಕೆ ನಾನೂರು ಗ್ರಾಂ,
ಮೂವತ್ತೊಂದು ವರ್ಷ,
ಎಷ್ಟು ಊರಿನ ಹತ್ತಿ.

ಅವಳು ಯಾರು ಮಾಡಿಸಿದ್ದೆಂದು ಕೇಳಲಿಲ್ಲ.
ಅಂಗೈಗೆ ಹಚ್ಚುವ ಬಿಳಿ ಪುಡಿಯಲ್ಲಿ ಬೆರಳದ್ದಿ
ಕಲ್ಲಿನ ಬೆನ್ನ ಮೇಲೆ ಬರೆದಳು, ೨೦.೪.
ನಾನು ಹೇಳಿರಲಿಲ್ಲ.
ಒಯ್ದು ಸಾಲಿನಲ್ಲಿಟ್ಟು, ಬೆನ್ನು ತಿರುವಿಯೇ ಕೇಳಿದಳು:
"ಸಣ್ಣಾಕಿ ಇದ್ದಾಗ ನಾ ಎತ್ತಿದ್ದೂ ಇದೇ ಏನು?"