ಬೇರೆ ಸಾಲಿನಲ್ಲಿ ಬರೆ

ಇಪ್ಪತ್ತೆರಡು ವರ್ಷದಿಂದ ಈ ಊರಿನ ಸಭೆಗೆ ನಾನೇ ಗುಮಾಸ್ತ.
ನಡಾವಳಿ ಬರೆಯುತ್ತೇನೆ:
ಚರಂಡಿ, ಹಿಮ ತಳ್ಳುವ ಗಾಡಿ, ಶಾಲೆಯ ಚಾವಣಿ,
ಮತ್ತೆ ವರ್ಷಕ್ಕೊಮ್ಮೆ, ಯಾರು ನಮ್ಮವರು ಎಂಬುದು.

ಸ್ವಿಟ್ಜರ್ಲೆಂಡಿನ ಈ ಕಣಿವೆಯಲ್ಲಿ ಪೌರತ್ವವನ್ನು
ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ,
ಮಡಚುವ ಕುರ್ಚಿಗಳಲ್ಲಿ ಕೂತವರು
ಕೈ ಎತ್ತಿ ಕೊಡುತ್ತಾರೆ,
ಇಲ್ಲವೇ ಇಟ್ಟುಕೊಳ್ಳುತ್ತಾರೆ.

ಎಂಟನೆಯ ವಿಷಯ: ಸೆಮ್ಹಾರ್ ತೆಕ್ಲೆ,
ಹುಟ್ಟಿದ್ದು ಎರಿಟ್ರಿಯಾದ ಕೆರೆನ್, ಹಳದಿ ಅಂಚೆ ಬಸ್ಸಿನ ಚಾಲಕಿ.
ಅವಳು ಹೊರಗೆ, ಮಕ್ಕಳ ಬೂಟುಗಳ ಪಕ್ಕದ ಬೆಂಚಿನಲ್ಲಿ,
ಸಮವಸ್ತ್ರದಲ್ಲೇ. ಹತ್ತೂ ಹತ್ತರ ಕೊನೆಯ ಬಸ್ಸು ಅವಳದೇ.

ಮೊದಲು ಎದ್ದವನು ಮುದುಕ ಮೆಲ್ಕಿಯೋರ್:
"ಈ ಊರಿಗೆ ಬಂದು ಎರಡೇ ವರ್ಷ. ಕಾನೂನು ಒಪ್ಪಬಹುದು, ನಾನು ಒಪ್ಪಲ್ಲ.
ಐದು ಚಳಿಗಾಲ ಕಳೆಯಲಿ, ಬೆಂಕಿ ದಳದಲ್ಲಿ ಒಂದು ಸಲ ಕೊಳವೆ ಹಿಡಿಯಲಿ.
ಬೇರ್ನ್‌ನಿಂದ ಬಂದವನಾದರೂ ಇದೇ ಹೇಳುತ್ತಿದ್ದೆ."
ಬರೆದೆ.
ಊರು ಬದಲಾದರೆ ಗಡಿಯಾರ ಸೊನ್ನೆಯಿಂದ ಓಡಬೇಕೆ
ಎಂದಳು ಶಾಲೆಯ ಟೀಚರು. ಬರೆದೆ.
ಎಷ್ಟು ಜನ, ಎಷ್ಟು ಬೇಗ, ಯಾರ ಖರ್ಚು,
ಎಲ್ಲ ಬರೆದೆ. ಬಿಸಿಯಿತ್ತು;
ಬೇಯಿಸುವ ಬಿಸಿ, ಸುಡುವುದಲ್ಲ.

ಆಮೇಲೆ ಗೋಡೆಗೊರಗಿ ನಿಂತಿದ್ದ ಉರ್ಸ್ ಒಂದು ಮಾತಾಡಿದ.
ಅದರಲ್ಲಿ ವರ್ಷದ ಲೆಕ್ಕವಿರಲಿಲ್ಲ, ತೆರಿಗೆಯೂ ಇರಲಿಲ್ಲ.
ಅವಳ ಚರ್ಮ ಇತ್ತು. ಚಾಲಕರ ಸೀಟಿನ ವಾಸನೆ ಇತ್ತು.
ನಾಲ್ಕೈದು ಜನ ನಕ್ಕರು. ಆ ನಗು ಗೊತ್ತಲ್ಲ,
ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ.

ನನ್ನ ಪೆನ್ನು ನಿಂತಿತು.
ಬರೆದರೆ, ಚರಂಡಿ ಚಾವಣಿಗಳ ನಡುವೆ
ಆ ಮಾತಿಗೂ ಕಪಾಟಿನಲ್ಲೊಂದು ಜಾಗ.
ಬರೆಯದಿದ್ದರೆ, ಯಾರೂ ಆಡಲೇ ಇಲ್ಲ.

ಅಧ್ಯಕ್ಷೆ ರೇಗುಲಾ ಗಂಟೆ ಬಾರಿಸಿದಳು, ಮತಕ್ಕೆ ಹಾಕೋಣ ಎಂದಳು.
ಅಷ್ಟೇ. ಗಂಟೆಯದೇನು, ಇಲ್ಲಿ ಹಸುವಿನ ಕೊರಳಲ್ಲೂ ಇದೆ.

ಮೆಲ್ಕಿಯೋರ್ ಮತ್ತೆ ಎದ್ದ:
"ನನ್ನದು ಬೇಡ. ಆದರೆ ಅವನ ಬೇಡ, ನನ್ನ ಬೇಡ
ಒಂದೇ ಮೂಟೆಗೆ ತುಂಬಬೇಡ.
ಬೇರೆ ಸಾಲಿನಲ್ಲಿ ಬರೆ."
ಅಂಥ ಸಾಲು ನಿಯಮದಲ್ಲಿಲ್ಲ ಎಂದಳು ರೇಗುಲಾ.
ಬೇಕು, ಬೇಡ, ತಟಸ್ಥ. ಮೂರೇ.

ಕೈಗಳು ಎದ್ದವು. ಉಣ್ಣೆಯ ತೋಳು, ಗಡಿಯಾರ, ಗಾಯದ ಹೆಬ್ಬೆರಳು.
ಎತ್ತಿದ ಕೈಯಲ್ಲಿ ಕಾರಣ ಕಾಣುವುದಿಲ್ಲ.
ಮೆಲ್ಕಿಯೋರನ ಕೈ ಗಲ್ಲದ ತನಕ ಬಂದು, ಉರ್ಸ್‌ನ ಕೈ ನೋಡಿ
ನಡುಗಿತು (ವಯಸ್ಸೂ ಇರಬಹುದು),
ಕೊನೆಗೆ ಎದ್ದಿತು.
ಐವತ್ತೆಂಟು ಬೇಕು. ಅರವತ್ತೊಂದು ಬೇಡ.
ಗುಮಾಸ್ತನಿಗೂ ಮತವಿದೆ.
ನನ್ನ ಎರಡೂ ಕೈ ಪುಸ್ತಕದ ಮೇಲಿದ್ದವು.

ಹೊರಗೆ ಮೆಲ್ಕಿಯೋರ್ ನೇರ ಬೆಂಚಿಗೆ ಹೋದ, ಟೋಪಿ ತೆಗೆದ.
"ಬೇಡ ಅಂದವನು ನಾನು," ಎಂದು ಕಾರಣ ಹೇಳಿದ.
"ಹನ್ನೊಂದು ವರ್ಷ ಈ ತಿರುವುಗಳಲ್ಲಿ ನಿಮ್ಮನ್ನು ಹೊತ್ತಿದ್ದೇನೆ," ಎಂದಳು.
"ರಾತ್ರಿ ಮಲಗುವ ವಿಳಾಸವೊಂದೇ ಲೆಕ್ಕವೇ?
ಕೊಳವೆ ಹಿಡಿಯುವ ಅಭ್ಯಾಸ ಮಂಗಳವಾರ. ಮಂಗಳವಾರ ನನ್ನ ಪಾಳಿ.
ನೀವೇ ಬದಲಾಯಿಸಿ ಕೊಡಿ, ನೋಡೋಣ."
ಅವನು ಬಾಯಿ ತೆರೆದ. ಅವಳೇ ಕೇಳಿದಳು:
"ಒಳಗೆ ನಕ್ಕರಲ್ಲ, ಯಾಕೆ?"
ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಹತ್ತೂ ಹತ್ತು. ಎಲ್ಲರೂ ಅವಳ ಬಸ್ಸನ್ನೇ ಹತ್ತಿದೆವು.
ಉರ್ಸ್ ಕೂಡ. ಕೊನೆಯ ಸೀಟು, ಕಾಲರು ಕಿವಿಯ ತನಕ.
ಚಾಲಕರೊಡನೆ ಮಾತಾಡಬಾರದು ಎಂಬ ಫಲಕದ ಕೆಳಗೇ ನಿಂತು
ಮೆಲ್ಕಿಯೋರ್ ವಾದ ಮುಂದುವರಿಸಿದ, ಅವಳೂ ಬಿಡಲಿಲ್ಲ.
ತಿರುವಿನಲ್ಲಿ ಹಾರ್ನು ಮೂರು ಸ್ವರ ಕೂಗಿತು.

ನಾನು ಮೊಣಕಾಲ ಮೇಲೆ ಪುಸ್ತಕ ಬಿಚ್ಚಿದೆ.
ಉರ್ಸ್ ಆಡಿದ್ದನ್ನು ಆಡಿದ ಹಾಗೇ ಬರೆದೆ, ಹೆಸರು ಸಮೇತ.
ಅಂಚಿನಲ್ಲಿ: ಇದು ವಾದವಲ್ಲ.
ಒಂದು ಸಾಲು ಖಾಲಿ ಬಿಟ್ಟು ಮೆಲ್ಕಿಯೋರನದು.
ಬಸ್ಸು ಕುಲುಕಿ ಅಕ್ಷರ ಸೊಟ್ಟಗಾದವು.

ಮುಂದಿನ ಸಭೆಯಲ್ಲಿ ಮೊದಲ ಕೆಲಸ
ಹಿಂದಿನ ನಡಾವಳಿಯನ್ನು ಗಟ್ಟಿಯಾಗಿ ಓದುವುದು.
ಓದುವವನು ನಾನೇ.